ಬೇಲಿಯ ಕೆಳಗಿನ ಕಾಫಿ

ಸೋಮವಾರ ಬೆಳಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಬೆಟ್ಟದ ಮೇಲಿನ ತೋಟದವಳು. ಕಾಫಿ ಬೆಳೆಗಾರರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಾಫಿ ಪೊಟ್ಟಣ, ಒಂದು ನೋಟಿಸು, ಎರಡನ್ನೂ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಕುಕ್ಕಿದಳು.

“ಹೆಸರು ನನ್ನದು, ನಂಬರು ನನ್ನದು. ಒಳಗಿರೋ ಕಾಫಿ ನನ್ನದಲ್ಲ.”

“ಹೇಗೆ ಗೊತ್ತು?”

“ನನ್ನ ತೋಟದಲ್ಲಿ ಆಗೋದು ಹತ್ತು ಮೂಟೆ. ನನ್ನ ನಂಬರಿನಲ್ಲಿ ನಲವತ್ತು ಮಾರಾಟ ಆಗಿದೆ. ನಾನೇನು ಮಂತ್ರ ಹಾಕಿ ಬೆಳೀತೀನಾ?”

ನೋಟಿಸು, ಬೆಟ್ಟದ ಮೇಲೆ ಬೆಳೆದ ಕಾಫಿಗೆ ಮಾತ್ರ ‘ಬೆಟ್ಟದ ಕಾಫಿ’ ಎಂಬ ಮುದ್ರೆ ಕೊಡುವ ಕಚೇರಿಯದು. ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಅವಳ ಮುದ್ರೆ ಶಾಶ್ವತವಾಗಿ ರದ್ದು. ಇಪ್ಪತ್ತು ವರ್ಷ ಗಿಡದ ಬುಡದಲ್ಲಿ ಬೆನ್ನು ಬಗ್ಗಿಸಿದವಳಿಗೆ ಕಳ್ಳಿಯ ಪಟ್ಟ! 10.15ಕ್ಕೆ ಎಫ್‌ಐಆರ್ ದಾಖಲಾಯಿತು: ಮೂಲಸ್ಥಳದ ಸುಳ್ಳು ನಮೂದು ಮತ್ತು ವಂಚನೆ.

11.30ಕ್ಕೆ ಪೊಟ್ಟಣದ ಮೇಲೆ ವಿಳಾಸವಿದ್ದ ಕಾಫಿ ಹುರಿಯುವ ಕಾರ್ಖಾನೆ. ಮಾಲೀಕನಿಗೆ ಪೊಲೀಸರ ಬೂಟು ಒಳಗೆ ಬಂದದ್ದೇ ಸಿಟ್ಟು.

“ಮೂಟೆ ತಂದವರು ಯಾರು?”

“ಬಾಡಿಗೆ ಲಾರಿಯವನು. ಅಕ್ಕನ ಹೆಸರಿನ ಮುದ್ರೆ ಸದಸ್ಯತ್ವದ ಚೀಟಿ ತೋರಿಸಿದ, ಕೊಂಡೆ. ಮುಖ ನೋಡೋಕೆ ನಾನೇನು ಹೆಣ್ಣು ನೋಡೋಕೆ ಹೋಗಿದ್ನಾ?”

ಇನ್ನೂ ಹುರಿಯದ ಆರು ಮೂಟೆಗಳನ್ನು ಪಂಚರ ಸಮಕ್ಷಮ ಜಪ್ತಿ ಮಾಡಲಾಯಿತು. ಬಾಯಿಗೆ ಬಿಡುವಿಲ್ಲದ ಕಾರಣಕ್ಕೇ ಠಾಣೆಯಲ್ಲಿ ‘ಮೌನಿ’ ಎನಿಸಿಕೊಂಡಿದ್ದ ಕಾನ್‌ಸ್ಟೇಬಲ್ ಒಂದನ್ನು ಟಾರ್ಪಾಲಿನ ಮೇಲೆ ಸುರಿದ. ತಳದಲ್ಲಿ ಉಗುರಿನಗಲದ ಕೆಂಪು ಚಕ್ಕೆಗಳು ಸಿಕ್ಕವು.

“ಸರ್, ಇದು ರೆಡ್ ಆಕ್ಸೈಡ್ ನೆಲ. ನಮ್ಮನೆ ಅಡುಗೆಮನೇಲೂ ಹೀಗೇ ಏಳುತ್ತೆ. ನಮ್ಮ ಮಾವ ಸಿಮೆಂಟು ಉಳಿಸೋಕೆ ಹೋಗಿ…”

ಇನ್ಸ್‌ಪೆಕ್ಟರ್ ಕಣ್ಣಲ್ಲೇ ಮಾವನನ್ನು ತಡೆದರು.

ಮುದ್ರೆಯ ನಿಯಮದ ಪ್ರಕಾರ ಬೆಟ್ಟದ ಕಾಫಿ ತಂತಿಬಲೆಯ ಅಟ್ಟಣಿಗೆಯ ಮೇಲೇ ಒಣಗಬೇಕು, ನೆಲ ಮುಟ್ಟುವಂತಿಲ್ಲ. ಇದು ನೆಲದ ಮೇಲೆ ಒಣಗಿದ ಬೀಜ. ಆದರೆ ಕಾಫಿ ಒಣಗಿಸುವ ಕಣಕ್ಕೆ ಮನೆಯೊಳಗಿನ ಕೆಂಪು ಬಳಿಯುವ ಹುಚ್ಚು ಯಾರದು? ಇನ್ಸ್‌ಪೆಕ್ಟರ್ ಅಕ್ಕನಿಗೆ ಫೋನು ಮಾಡಿದರು.

“ಕೆಂಪು ನೆಲದ ಕಣ ಯಾರಿಗಿದೆ?”



“ನನ್ನ ತಮ್ಮನಿಗೆ. ಬೇಲಿಯ ಕೆಳಗಿನ ತೋಟ ಅವನದು.”

“ನಿಮ್ಮ ಚೀಟಿ ಅವನಿಗೆ ಹೇಗೆ ಸಿಕ್ತು?”

“ಅಮ್ಮ ಇರೋದು ಅವನ ಮನೇಲಿ. ನನ್ನ ಕಾಗದಪತ್ರ ಅಮ್ಮನ ಪೆಟ್ಟಿಗೇಲಿವೆ.”

ಸಂಜೆ 4.10. ತಮ್ಮ ಕಣ ಗುಡಿಸುತ್ತಿದ್ದ. ಪೊಲೀಸರನ್ನು ಕಂಡು ಪೊರಕೆಯನ್ನೂ ಕೆಳಗಿಡಲಿಲ್ಲ.

“ಕಣಕ್ಕೆ ಯಾಕೆ ಈ ಬಣ್ಣ?”

“ಬೆಟ್ಟದ ಮೇಲಿನವರು ಕೆಳಗಿನ ಕಾಫಿ ಮಣ್ಣು ಮಣ್ಣು ಅಂತ ಆಡ್ಕೊಂಡ್ರು. ಅವರ ಮನೆ ನೆಲಕ್ಕಿಂತ ಒಳ್ಳೇ ನೆಲ ಹಾಕಿಸ್ದೆ.”

ಚಕ್ಕೆ ಎದ್ದ ಜಾಗದ ಪಂಚನಾಮೆ ನಡೆಯಿತು. ಮನೆಯಲ್ಲಿ ಅಕ್ಕನ ಚೀಟಿಯೂ ಸಿಕ್ಕಿತು.

“ಅಕ್ಕನ ಹೆಸರೇ ಯಾಕೆ ಬೇಕಿತ್ತು?”

“ಬೇರೆಯವರ ಹೆಸರಾಗಿದ್ರೆ ಅವಳಿಗೆ ಉರೀತಿತ್ತಾ?”

5.25ಕ್ಕೆ ಬಂಧನ. ಠಾಣೆಯಲ್ಲಿ ಅಕ್ಕ ತಮ್ಮ ಎದುರುಬದುರು ನಿಂತರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಹೀಗೂ ದುರುಗುಟ್ಟಿ ನೋಡಬಹುದೇ ಎಂದು ಮೌನಿಗೂ ಬಾಯಿ ಕಟ್ಟಿತು.

“ಅಪ್ಪ ಪಾಲು ಮಾಡಿದಾಗ ಮೇಲಿನದು ಅವಳಿಗೆ, ಕೆಳಗಿನದು ನನಗೆ,” ಎಂದು ತಮ್ಮ ಹೇಳಿಕೆ ಕೊಟ್ಟ. “ಗಿಡ ಒಂದೇ, ನೀರು ಒಂದೇ. ಮುದ್ರೆಯವರು ಅಳೆಯೋಕೆ ಬಂದು, ಬೆಟ್ಟ ಎಲ್ಲಿಗೆ ಮುಗಿಯುತ್ತೆ ಅಂತ ಇವಳನ್ನ ಕೇಳಿದ್ರು. ಇವಳು ನನ್ನ ಬೇಲಿ ತೋರಿಸಿದ್ಲು.”

“ನಿಜಾನಾ?”

“ಹೌದು,” ಎಂದಳು ಅಕ್ಕ. “ಎಲ್ಲರನ್ನೂ ಸೇರಿಸಿದ್ರೆ ಮುದ್ರೆಗೇನು ಬೆಲೆ?”

ಗುರುವಾರ ರುಚಿ ಪರೀಕ್ಷಕರ ವರದಿ ಬಂತು. ಇಬ್ಬರ ಕಾಫಿಯನ್ನೂ ಆರಾರು ಸಲ ಕುಡಿದು ನೋಡಿದ್ದರು. ವ್ಯತ್ಯಾಸ ಕಂಡುಬಂದಿಲ್ಲ ಎಂದು ಬರೆದಿದ್ದರು. ಕಾನೂನು ಕೇಳುವುದು ಬೆಳೆದ ಜಾಗ, ರುಚಿಯಲ್ಲ. ಅಪರಾಧ ಅಪರಾಧವೇ, ಅಕ್ಕನ ಮುದ್ರೆಯೂ ಉಳಿಯಿತು. ಆದರೂ ವರದಿಯನ್ನು ಕಡತಕ್ಕೆ ಸೇರಿಸುವಾಗ ಇನ್ಸ್‌ಪೆಕ್ಟರಿಗೆ ಮನಸ್ಸು ಕಹಿಯಾಯಿತು.

ಹೇಳಿಕೆಗೆ ಸಹಿ ಹಾಕಲು ಬಂದ ಅಕ್ಕ ಆ ವರದಿಯನ್ನು ಎರಡು ಸಲ ಓದಿದಳು.

“ಇದನ್ನ ಅವನಿಗೆ ತೋರಿಸ್ಬೇಡಿ.”

“ಆರೋಪಿಗೆ ಒಂದು ಪ್ರತಿ ಕೊಡಲೇಬೇಕಮ್ಮ,” ಎಂದರು ಇನ್ಸ್‌ಪೆಕ್ಟರ್. “ಅದೂ ಕಾನೂನೇ.”