ಒಂದು ಕ್ವಾರ್ಟರ್, ಒಂದು ಸೋಡಾ

2025ರ ನವೆಂಬರ್ 21, ಶುಕ್ರವಾರ. ಬೆಳಿಗ್ಗೆ 9.40ಕ್ಕೆ ಬೆಟಗೇರಿಯ ಠಾಣೆಗೆ ಬಂದ ದೂರುದಾರನ ಹೆಸರು ಅಜಯಕುಮಾರ, ವಯಸ್ಸು ಮೂವತ್ನಾಲ್ಕು, ಉದ್ಯೋಗ ಬಾರ್ ನಡೆಸುವುದು. ದಿನ ಶುರುವಾಗುವ ಹೊತ್ತಿಗೇ ಬಾರಿನವನ ಮುಖ ನೋಡಬೇಕಾಯಿತಲ್ಲ ಎಂದು ಪಿಎಸ್‌ಐ ಅಖ್ತರಿಗೆ ಒಳಗೊಳಗೇ ಬೇಸರವಾಯಿತು. ಶಿರಹಟ್ಟಿಯ ದರ್ಜಿಯ ಮಗಳು ಆಕೆ. ನೌಕರಿಗೆ ಸೇರುವ ತನಕ ಬಾರಿನ ಬಾಗಿಲು ಹೇಗಿರುತ್ತದೆಂದೂ ನೋಡಿದವಳಲ್ಲ. ಬೇಸರ ಬದಿಗಿಟ್ಟು ಕುರ್ಚಿ ತೋರಿಸಿದಳು.

“ಏನು ಕಳುವಾಗೇತಿ?”

“ಸಿಸಿಟಿವಿ ಡಬ್ಬಿ ರೀ ಮೇಡಂ. ಎಲ್ಲಾ ರೆಕಾರ್ಡ್ ಆಗ್ತದಲ್ಲ, ಆ ಡಿವಿಆರ್.”

“ರೊಕ್ಕ?”

“ಗಲ್ಲಾದಾಗ ಇದ್ದದ್ದು ಇದ್ದಂಗ ಐತ್ರಿ.”

“ಯಾವಾಗ ಆತು?”

“ನಿನ್ನೆ ಮಧ್ಯಾಹ್ನ ಮೂರರಿಂದ ಮೂರೂವರಿ ಒಳಗ. ಕರೆಂಟ್ ಹೋಗಿತ್ತು, ಜನರೇಟರ್ ನೋಡಾಕ ಹಿತ್ತಲಕ್ಕ ಹೋಗಿದ್ದೆ. ಆಮ್ಯಾಲ ಕ್ಯಾಮೆರಾ ಚಾಲೂ ಆಗಲಿಲ್ಲ, ಕೆಟ್ಟಿರಬೇಕಂತ ಬಿಟ್ಟೆ. ಇವತ್ತು ನೋಡಿದ್ರ ಡಬ್ಬೀನ ಇಲ್ಲ.”

ಕಳವಿನ ಕಲಮಿನಡಿ ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಅಖ್ತರಿ, ಹೆಡ್ ಕಾನ್ಸ್‌ಟೇಬಲ್ ಹುಚ್ಚಪ್ಪ ಮತ್ತು ಇಬ್ಬರು ಪಂಚರು ಸ್ಥಳಕ್ಕೆ ಹೋದರು.

ರಸ್ತೆಗೆ ಮುಖ ಮಾಡಿ ಆಳೆತ್ತರದ ಗಾಜು. ಒಳಗೆ ಕಣ್ಣು ಕುಕ್ಕುವ ಬೆಳಕು, ನಾಲ್ಕು ಕ್ಯಾಮೆರಾ, ಗೋಡೆಯ ತುಂಬ ನಗುವ ಗಿರಾಕಿಗಳ ಫೋಟೊ. ಹೋಗುವವರು ಬರುವವರು ಎಲ್ಲರೂ ಒಳಗೆ ಕೂತವರನ್ನು ನೋಡಬಹುದು. ಕೂತವರೂ ಅದಕ್ಕೇ ಬಂದವರಂತೆ ಮೊಬೈಲು ಎತ್ತಿ ಎತ್ತಿ ಹಿಡಿಯುತ್ತಾರಂತೆ.

“ಮೊದಲ ಹಿಂಗ ಇದ್ದಿದ್ದಿಲ್ರಿ,” ಎಂದ ಹುಚ್ಚಪ್ಪ. ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ. “ಇವರಪ್ಪನ ಕಾಲಕ್ಕ ಇಲ್ಲೆ ಸಾಲಾಗಿ ಹಲಗಿ ಖೋಲಿ ಇದ್ವು. ಖೋಲಿಗೊಂದು ಪರದೆ. ಹಿಂದಿನ ಓಣಿಯಿಂದ ಬರಬೇಕು, ಪರದೆ ಎಳಕೋಬೇಕು. ಬಾಜೂಕ ಸ್ವಂತ ಮಾವ ಕುಂತಿದ್ರೂ ಗೊತ್ತಾಗ್ತಿದ್ದಿಲ್ಲ. ಗೊತ್ತಾದ್ರೂ ಗೊತ್ತಾಗಿಲ್ಲ ಅನ್ನೂದು ರಿವಾಜು.”

“ನಿಮಗ ಹೆಂಗ ಗೊತ್ತು ಹುಚ್ಚಪ್ಪಾರ?”

ಹುಚ್ಚಪ್ಪ ತಿರುಗದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಆಮೇಲೆ ಗಲ್ಲಾದ ಕೆಳಗೆ ಬಾಗಿದವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಕ್ಯಾಮೆರಾದ ನಾಲ್ಕೂ ವಾಯರುಗಳನ್ನು ಕತ್ತರಿಯಿಂದ ಕತ್ತರಿಸಲಾಗಿತ್ತು. ಆದರೆ ತುದಿಗಳು ಜೋತಾಡುತ್ತಿರಲಿಲ್ಲ. ಎರಡೆರಡನ್ನು ಸೇರಿಸಿ ಸಣ್ಣದಾಗಿ ಗಂಟು ಹಾಕಲಾಗಿತ್ತು.

“ಏನಿದು ಚೆಂದಾ! ಕಳ್ಳ ಆದಾಂವ ಕತ್ತರಿಸಿ ಓಡಬೇಕು. ಇಂವ ಕುಂತು ಗಂಟು ಹಾಕ್ಯಾನ,” ಎಂದ. “ಎಳಿ ಹರದಾಗ ನಮ್ಮಪ್ಪ ಹಿಂಗ ಹಾಕ್ತಿದ್ದ ಮೇಡಂ. ಇದು ನೇಕಾರನ ಗಂಟು. ಹರದ ಎಳೀ ಹಂಗ ಬಿಡು ಅಂದ್ರ ಅವರ ಕೈ ಕೇಳೂದಿಲ್ಲ.”

“ಬೆಟಗೇರ್ಯಾಗ ನೇಕಾರರಿಗೇನು ಬರಾ?”

“ಬರಾ ಇಲ್ಲ ಖರೆ. ಆದ್ರ ನಿನ್ನೆ ಅಮಾಸಿ. ಮಗ್ಗಕ್ಕ ಸೂಟಿ. ಸೂಟಿ ದಿನಾ ಇಲ್ಲಿಗೆ ಬರಾವ್ರು ಈಗ ಬಾಳ ಮಂದಿ ಉಳದಿಲ್ಲ.”

ಗಂಟುಗಳ ಫೋಟೊ ತೆಗೆದು, ಪಂಚನಾಮೆಗೆ ಸಹಿ ಹಾಕಿಸಿ, ಅಖ್ತರಿ ವೇಟರನನ್ನು ಕರೆದಳು.

“ನಿನ್ನೆ ಮಧ್ಯಾಹ್ನ ಯಾರ್ಯಾರಿದ್ರು?”

“ಮೂಲಿ ಟೇಬಲ್ಲಿಗೆ ಮುದುಕರಿಬ್ಬರು ರೀ. ಅಮಾಸಿಗೊಮ್ಮೆ ಬರ್ತಾರ. ಒಂದು ಕ್ವಾರ್ಟರ್, ಒಂದು ಸೋಡಾ, ಹುರದ ಶೇಂಗಾ. ಮೊದಲ ಮೂರನೇ ನಂಬರ ಖೋಲ್ಯಾಗ ಕುಂಡ್ರತಿದ್ರು.”

“ಇಬ್ಬರೂ ಕುಡೀತಾರ?”

“ಏ ಇಲ್ರಿ. ಕ್ವಾರ್ಟರ್ ವೆಂಕಪ್ಪಜ್ಜಗ. ಬುಡ್ಡೇಸಾಬರು ಬರೇ ಸೋಡಾ. ನಿನ್ನೆ ಅವರು ಕರೆಂಟ್ ಹೋಗೂಕಿಂತ ಮೊದಲ ಎದ್ದು ಹೋದ್ರು, ಮನಿಗೆ ಬೀಗರು ಬರಾವ್ರಂತ.”

ಅಜಯಕುಮಾರ ನಡುವೆ ಬಾಯಿ ಹಾಕಿದ. “ಅವರು ಕಳ್ಳರಲ್ಲ ಬಿಡ್ರಿ ಮೇಡಂ. ನಮ್ಮ ವಿಡಿಯೋದಾಗ ಅವರೇ ಹೀರೋ!” ಎನ್ನುತ್ತ ಉತ್ಸಾಹದಿಂದ ಮೊಬೈಲು ಮುಂದೆ ಹಿಡಿದ. ಬಾರಿಗೆ ನಲವತ್ತು ವರ್ಷ ತುಂಬಿದ್ದಕ್ಕೆ ‘ಅಂದು-ಇಂದು’ ಎಂಬ ವಿಡಿಯೋ. ಮೊದಲು ಹಳೆಯ ಪರದೆಗಳ ಫೋಟೊ. ಆಮೇಲೆ ಕ್ಯಾಮೆರಾದಿಂದ ತೆಗೆದ ದೃಶ್ಯ: ಬಿಳಿ ಗಡ್ಡದ, ಟೋಪಿ ತೊಟ್ಟ ಮುದುಕ ಗ್ಲಾಸು ಎತ್ತುತ್ತಾನೆ, ಬಾಟಲಿಯ ಆಚೆ ವೆಂಕಪ್ಪ ನಗುತ್ತಾನೆ. ಗ್ಲಾಸಿನಲ್ಲಿ ಸೋಡಾ ಇದೆಯೆಂದು ಯಾವ ದೇವರು ಬಂದು ಹೇಳಬೇಕು!

“ನೆಟ್ಟಿನ್ಯಾಗ ಯಾವಾಗ ಹಾಕಾವ್ರು?”

“ನಾಡಿದ್ದು ಆಯಿತವಾರ. ನಿನ್ನೆ ಬುಡ್ಡೇಸಾಬರು ಹೋದ ಮ್ಯಾಲ ವೆಂಕಪ್ಪ ಕಾಕಾಗ ಹೇಳಿದೆ. ಬ್ಯಾಡಪಾ, ತಗದುಬಿಡು ಅಂತ ಕೈ ಹಿಡದ. ಈಗಿನ ಕಾಲದಾಗ ಯಾರು ನಾಚ್ತಾರ ಅಂತ ನಕ್ಕೆ.”

ಅಖ್ತರಿ ನಗಲಿಲ್ಲ. ಗಡ್ಡದ ಮುದುಕನ ಮೇಲೆ ಆಕೆಗೆ ವಿನಾಕಾರಣ ಅಕ್ಕರೆ ಬಂದಿತ್ತು.

ಮಧ್ಯಾಹ್ನ 3.30ಕ್ಕೆ ಜೀಪು ವೆಂಕಪ್ಪನ ಮನೆಯ ಮುಂದೆ ನಿಂತಿತು. ಹೆಂಡತಿ ಬನಶಂಕರೆವ್ವ ಬಾಗಿಲಿಗೆ ಬಂದಳು. ಒಳಗೆ ಮಗ್ಗದ ಮೇಲೆ ಹಸಿರು ಸೀರೆ ಅರ್ಧ ಮುಗಿದಿತ್ತು.

“ಯಾರಿಗವ್ವಾ ಈ ಸೀರಿ?”

“ಬುಡ್ಡೇಸಾಬಣ್ಣನ ಮೊಮ್ಮಗಳು ಸಾಯಿಮಾಗ ರೀ. ಆಯಿತವಾರ ನಿಶ್ಚೆ. ಲಕ್ಷ್ಮೇಶ್ವರದ ಮನಿತನ, ಹುಡುಗನ ತಂದಿ ಮಸೀದಿ ಕಮಿಟ್ಯಾಗ ಇದ್ದಾರ, ಬಾಳ ಕಟ್ಟುನಿಟ್ಟು. ನೂಲಿಗೆ ಬಣ್ಣ ಹಾಕಿದಾಂವ ಆ ಅಣ್ಣಾನ, ನೇಯಾವ್ರು ಇವರು.”

ಮಗ್ಗದ ಮುಂದೆ ಕೂತಿದ್ದ ವೆಂಕಪ್ಪ ಲಾಳಿ ಕೆಳಗಿಟ್ಟ. ಅರವತ್ತೆಂಟರ ಸಣಕಲು ದೇಹ. ಹುಚ್ಚಪ್ಪ ಗಂಟಿನ ಫೋಟೊ ತೋರಿಸಿದ. ಮುದುಕ ಅದನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿಕೊಂಡ.

“ಎಂಥಾ ಹುಚ್ಚ ಕೈ ಇವು,” ಎಂದ.

ತಾನೇ ಮಗ್ಗದ ಕೆಳಗಿನ ಕುಣಿಗೆ ಕೈಹಾಕಿ ಡಬ್ಬಿಯನ್ನು ತೆಗೆದುಕೊಟ್ಟ. ಹಳೆಯ ಪಂಜೆಯಲ್ಲಿ ಸುತ್ತಿಟ್ಟಿದ್ದ. ಬನಶಂಕರೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಪಂಚರ ಎದುರು ಜಪ್ತಿಯಾಯಿತು. 4.20ಕ್ಕೆ ಬಂಧನ, ಹೆಂಡತಿಗೆ ಕಾರಣ ತಿಳಿಸಲಾಯಿತು.

ಠಾಣೆಯಲ್ಲಿ ಹೇಳಿಕೆ.

“ಯಾಕ ಕದ್ದಿ ಅಜ್ಜಾ?”

“ಮಾರಾಕ್ರಿ.”

“ಯಾರಿಗೆ?”

“ಯಾರರೇ ತಗೊಂತಿದ್ರು.”

“ಗಲ್ಲಾದಾಗಿನ ರೊಕ್ಕ ಬಿಟ್ಟು ಡಬ್ಬಿ ಮಾರಾಂವ?”

ಅಖ್ತರಿ ಪೆನ್ನು ಕೆಳಗಿಟ್ಟಳು. “ಬುಡ್ಡೇಸಾಬರ ಸಲುವಾಗಿ ಅಲ್ಲ?”

ಮುದುಕ ಕೈ ಮುಗಿದುಬಿಟ್ಟ. “ಅವನ ಹೆಸರು ಬರೀಬ್ಯಾಡವಾ, ನಿನ್ನ ಕಾಲಿಗೆ ಬೀಳ್ತೀನಿ. ಕಾಗದದಾಗ ಬಂದ್ರ ಕೋರ್ಟಿಗೆ ಹೋಗ್ತೈತಿ, ಕೋರ್ಟಿಂದ ಲಕ್ಷ್ಮೇಶ್ವರಕ್ಕ ಹೋಗ್ತೈತಿ. ನಾ ಕಳ್ಳ ಅಂತ ಬರಿ, ಸಾಕು. ಡಬ್ಬಿ ಅಲ್ಲಿಂದ ಬಂತಲ್ಲ, ಚಿತ್ರ ಅಳಸಿ ಹೋದಂಗ ಆತು.”

ಚಿತ್ರ ಅಜಯಕುಮಾರನ ಮೊಬೈಲಿನಲ್ಲಿ ಕೂತಿದೆ ಎಂದು ಹೇಳಲು ಅಖ್ತರಿಗೆ ಬಾಯಿ ಬರಲಿಲ್ಲ. ಕಾರಣದ ಜಾಗವನ್ನು ಖಾಲಿ ಬಿಟ್ಟು ಎದ್ದಳು. ಹಾಗೆ ಬಿಡುವಂತಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಸಂಜೆಯೇ ಅಜಯಕುಮಾರನನ್ನು ಕರೆಸಿ ಎಲ್ಲ ಹೇಳಿದಳು. ಆತ ಪೆಚ್ಚಾಗಿ, ಆಕೆಯ ಎದುರೇ ವಿಡಿಯೋ ಅಳಿಸಿದ. “ನಮ್ಮಪ್ಪ ಆ ಪರದೆ ಯಾಕ ಹಾಕಿದ್ದ ಅಂತ ಈಗ ತಿಳೀತು. ಕೇಸು ವಾಪಸ್ ತಗೋತೀನ್ರಿ,” ಎಂದ. ಅದು ಕೋರ್ಟಿನ ಮಾತು, ರಾಜಿ ಅಲ್ಲೇ ಆಗಬೇಕು ಎಂದಳು ಅಖ್ತರಿ.

ಮರುದಿನ ಶನಿವಾರ, 11.30. ಆರೋಪಿಯನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ಯುವ ಹೊತ್ತಿಗೆ ಬಿಳಿ ಗಡ್ಡದ ಮುದುಕನೊಬ್ಬ ಏದುಸಿರು ಬಿಡುತ್ತ ಠಾಣೆಯೊಳಗೆ ಬಂದ. ಬಸ್ಸಿನ ಟಿಕೆಟು ಇನ್ನೂ ಕೈಯಲ್ಲೇ ಇತ್ತು.

“ನಾ ಬುಡ್ಡೇಸಾಬ ರೀ. ನಿನ್ನೆ ರಾತ್ರಿ ಅಜಯಕುಮಾರನ ಕಡಿಂದ ಎಲ್ಲಾ ಖಬರ ಸಿಕ್ತು. ಮುಂಜಾನೆ ಮೊದಲ ಬಸ್ಸಿಗೆ ಲಕ್ಷ್ಮೇಶ್ವರಕ್ಕ ಹೋಗಿ ಬಂದೆ.”

ಬೆಂಚಿನ ಮೇಲಿದ್ದ ವೆಂಕಪ್ಪ ಹೌಹಾರಿದ. “ಲೇ ಬುಡ್ಡ್ಯಾ, ಏನು ಮಾಡಿದ್ಯೋ?”

“ಬೀಗರಿಗೆ ನಾನ ಹೇಳಿದೆ. ಮೂವತ್ತು ವರ್ಷ ಬಾರಿಗೆ ಹೋಗೀನಿ, ಮೂರನೇ ನಂಬರ ಖೋಲ್ಯಾಗ ಕುಂತೀನಿ, ಅಂತ.”

“ಏನಂದ್ರು?”

“ವಿಚಾರ ಮಾಡಿ ಹೇಳ್ತೀವಿ ಅಂದ್ರು. ಮಾಡ್ಲಿ.” ಮುದುಕ ಗೆಳೆಯನ ಕಡೆ ತಿರುಗಿದ. “ನೀ ಕಳ್ಳ ಅನಿಸ್ಕೊಂಡು ಜೈಲಿಗೆ ಹೋದ ಮ್ಯಾಲ ನಾ ಯಾ ಮುಖ ಇಟಗೊಂಡು ಬಿರ್ಯಾನಿ ಬಡಸಲೋ?”

ವೆಂಕಪ್ಪ ಮುಖ ಮುಚ್ಚಿಕೊಂಡು ಅತ್ತ. ಬುಡ್ಡೇಸಾಬ ಪಕ್ಕದಲ್ಲಿ ಕೂತು ಗೆಳೆಯನ ಮೊಣಕಾಲ ಮೇಲೆ ಕೈಯಿಟ್ಟ. ಆ ಕೈಯ ಉಗುರುಗಳ ಸಂದಿಯಲ್ಲಿ ಹಸಿರು ಬಣ್ಣ ಇನ್ನೂ ಹೋಗಿರಲಿಲ್ಲ.

ಅಖ್ತರಿ ಖಾಲಿ ಬಿಟ್ಟಿದ್ದ ಹಾಳೆಯನ್ನು ಎಳೆದುಕೊಂಡಳು. ಒದ್ದೆಯಾದ ಕಣ್ಣು ಮರೆಸಲು, ಬಾರಿನಲ್ಲಿ ಹುಚ್ಚಪ್ಪ ಮಾಡಿದ ಹಾಗೆ, ಆಕೆಯೂ ಒಮ್ಮೆ ಫ್ಯಾನು ನೋಡಿದಳು.

“ಹೇಳ್ರಿ ಚಾಚಾ, ಬರಕೋತೀನಿ. ನೀವು ಒಮ್ಮೆನೂ ಕುಡದಿಲ್ಲ, ಬರೇ ಸೋಡಾ ಅಂತ ವೇಟರನೂ ಸಾಕ್ಷಿ ಹೇಳ್ಯಾನ. ಅದನ್ನ ಮೊದಲ ಹಾಕಲೇನು?”

ಬುಡ್ಡೇಸಾಬ ತಲೆಯಾಡಿಸಿದ.

“ಅದು ಬ್ಯಾಡವಾ. ಕುಡದಾಂವ ಅಂವ, ನಾ ಅಲ್ಲ ಅಂತ ಸರಕಾರದ ಕಾಗದದಾಗ ಹೇಳಲೇನು? ಗೆಳೆಯಾನ ಜೋಡಿ ಕುಂತಿದ್ದೆ ಅಂತ ಬರಿ.”