ಕಾಲುವೆಯ ಚಿನ್ನದ ನಾಣ್ಯ

ಚಿತ್ರ ಬರೆದವನು ಅಸ್ಲಾಕ್. ನಾಣ್ಯದ ಅಂಚಿನಲ್ಲಿ ಕೊರೆದಿದ್ದ ಹೆಸರು ಓಡ್ವರನದು.

ಇಡೀ ಚಳಿಗಾಲ ಅಡುಗೆಮನೆಯ ಮೇಜಿನ ಮುಂದೆ ಕೂತು ಅಸ್ಲಾಕ್ ಅದನ್ನು ಬರೆದು, ಅಳಿಸಿ, ಮತ್ತೆ ಬರೆದಿದ್ದ. ವ್ರಾಂಗ್‌ಫೊಸ್‌ನಲ್ಲಿ ಟೆಲೆಮಾರ್ಕ್ ಕಾಲುವೆ ಐದು ಕಟ್ಟೆಗಳಾಗಿ ಬೆಟ್ಟ ಏರುತ್ತದೆ; ಕದ ಮುಚ್ಚಿ, ನೀರು ತುಂಬಿಸಿಯೋ ಇಳಿಸಿಯೋ ಹಡಗನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕಟ್ಟೆಗಳು. ಕೆಳಗಿನ ಮರದ ಕದದ ಬಳಿ ನಿಂತು ತಲೆಯೆತ್ತಿದವನಿಗೆ ಆ ಐದೂ ಹೇಗೆ ಕಾಣುತ್ತವೋ ಹಾಗೇ ಬಂದಿತ್ತು ಚಿತ್ರ. ಕದದ ಸಂದಿಯಿಂದ ಚಿಮ್ಮುವ ನೀರನ್ನೂ ಅವನು ಬಿಟ್ಟಿರಲಿಲ್ಲ. ಬರೆದು ಮುಗಿಸಿ ಓಡ್ವರನ ಕೈಗೆ ಕೊಟ್ಟ. ಅಲ್ಲೇ ಎಡವಟ್ಟಾಯಿತು.

ಓಡ್ವರ್ ಕೂಟದ ಅಧ್ಯಕ್ಷ. ಕಾಡಿನಲ್ಲಿ, ಸೇತುವೆಯಡಿ, ಕಲ್ಲುಗೋಡೆಯ ಬಿರುಕಿನಲ್ಲಿ ಯಾರೋ ಬಚ್ಚಿಟ್ಟ ಡಬ್ಬಿಗಳನ್ನು ಫೋನಿನಲ್ಲಿ ಜಾಗ ನೋಡಿಕೊಂಡು ಹುಡುಕುವುದು ಕೂಟದವರ ಆಟ. ಅವರು ಮಾಡಿಸುವ ಇಂಥ ನಾಣ್ಯಗಳು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತ, ಡಬ್ಬಿಯಿಂದ ಡಬ್ಬಿಗೆ ದೇಶ ಸುತ್ತುತ್ತವೆ. ಎಲ್ಲೋ ಜಪಾನಿನಲ್ಲಿ ಒಬ್ಬ ಆ ನಾಣ್ಯ ಎತ್ತಿ ನೋಡಿ ‘ಆಹಾ’ ಎಂದರೆ, ಆ ‘ಆಹಾ’ ಕೂಡ ಓಡ್ವರನಿಗೇ ಹೋಗಿ ಸೇರುತ್ತಿತ್ತು.

ಕೂಟದ ಸಭೆಯಲ್ಲಿ ಅಸ್ಲಾಕ್ ಕೇಳಿಯೇ ಕೇಳಿದ. “ಓಡ್ವರ್, ಚಿತ್ರ ನಂದಲ್ವಾ?”

“ಪೆನ್ಸಿಲ್ ಹಿಡ್ದಿದ್ದು ನೀನು ಕಣಯ್ಯಾ. ಯೋಚನೆ ಯಾರ್ದು? ಗಾಡಿ ಎಳ್ದಿದ್ದಕ್ಕೆ ಗಾಡಿ ಕುದುರೇದಾಗುತ್ತಾ?”

ಎಲ್ಲರೂ ನಕ್ಕರು. ಕೂಟದ ಸಾಮಾನು ಸರಂಜಾಮು ನೋಡಿಕೊಳ್ಳುವ ಗುನ್ವೋರ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಅವಳೇ ವಾಫಲ್ ದೋಸೆಯ ತಟ್ಟೆ ಅವನತ್ತ ತಳ್ಳಿ, “ಹೋಗ್ಲಿ ಬಿಡು ಅಸ್ಲಾಕ್, ದೋಸೆ ಆರೋಗುತ್ತೆ, ಚೀಸ್ ಹಾಕ್ಕೊಂಡು ತಿನ್ನು” ಅಂದಳು. ಆ ಊರಲ್ಲಿ ಕದ್ದವನನ್ನಾದರೂ ಕ್ಷಮಿಸುತ್ತಾರೆ, ‘ನನ್ನ ಹೆಸರು, ನನ್ನ ಹೆಸರು’ ಎಂದು ಗದ್ದಲ ಮಾಡುವವನನ್ನು ಕ್ಷಮಿಸುವುದಿಲ್ಲ. ಅಸ್ಲಾಕ್ ದೋಸೆಯ ಮೇಲೆ ಕಂದು ಚೀಸ್ ಹಾಕಿಕೊಂಡು ತಿಂದ. ಪ್ರತಿ ತುತ್ತಿಗೂ ಹೊಟ್ಟೆ ಉರಿಯಿತು.

ಓಡ್ವರನನ್ನು ಹೊಡೆಯುವ, ಬಡಿಯುವ ಆಸೆ ಅವನಿಗಿರಲಿಲ್ಲ. ತನ್ನದನ್ನು ಕದ್ದವನು ಎಲ್ಲರ ಕಣ್ಣೆದುರು ಕಳ್ಳನಾಗಿ ನಿಲ್ಲಬೇಕು, ಅಷ್ಟೇ. ಆ ಕಾಲುವೆಯ ದಡದಲ್ಲಿ ಅವನು ಮತ್ತೆ ತಲೆಯೆತ್ತಿ ಓಡಾಡಬಾರದು.

ದಾರಿ ತೋರಿಸಿದವನು ಓಡ್ವರನೇ. ನಾಣ್ಯಗಳಲ್ಲಿ ಒಂದಕ್ಕೆ ಮಾತ್ರ ಚಿನ್ನದ ಲೇಪ ಹಾಕಿಸಿದ್ದರು. ಅದನ್ನು ನಡುಬೇಸಿಗೆಯ ಹಬ್ಬದಂದು, ಕಾಲುವೆಯ ಹಡಗಿನಲ್ಲಿ, ಕಾಲುವೆ ಕಚೇರಿಯ ಮುಖ್ಯಸ್ಥೆಗೆ ಕೊಡುವುದೆಂದು ತೀರ್ಮಾನವಾಗಿತ್ತು. ಮನೆಯ ಗೋಡೆ ತುಂಬ ನಾಣ್ಯ ಜೋಡಿಸಿಟ್ಟಿದ್ದ ಓಡ್ವರನಿಗೆ ಇದನ್ನು ಸಹಿಸಲಾಗಲಿಲ್ಲ. “ಒಂದು ಡಬ್ಬೀನೂ ಹುಡುಕದ ಆ ಯಮ್ಮಂಗ್ಯಾಕೆ ಚಿನ್ನದ್ದು? ನಮ್ಮನೇಲಿದ್ರೆ ನಾಲ್ಕು ಜನ ನೋಡ್ತಾರೆ” ಎಂದು ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗಿದ. ಅಸ್ಲಾಕ್ ಪ್ರತಿ ಸಲವೂ ಪಕ್ಕದಲ್ಲಿ ನಿಂತು, ಯಾರ‍್ಯಾರ ಕಿವಿಗೆ ಬಿತ್ತು ಎಂದು ನೋಡಿಕೊಂಡ. ಎಲ್ಲರ ಕಿವಿಗೂ ಬಿದ್ದಿತ್ತು.

ಚಿನ್ನದ ನಾಣ್ಯ ಒಂದು ಮಖಮಲ್ಲಿನ ಡಬ್ಬಿಯಲ್ಲಿ, ವ್ರಾಂಗ್‌ಫೊಸ್‌ನ ಹಳೆಯ ಕಾವಲುಮನೆಯ ಅಲಮಾರಿನಲ್ಲಿತ್ತು. ಅಲಮಾರಿನ ಕೀಲಿ ಗುನ್ವೋರಳ ಹತ್ತಿರ ಒಂದು, ಓಡ್ವರನ ಹತ್ತಿರ ಒಂದು. ಗುನ್ವೋರಳ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ. ಉಳಿದವನು ಒಬ್ಬನೇ.

ಹಬ್ಬಕ್ಕೆ ಮುಂಚೆ ಊರವರೆಲ್ಲ ಸೇರಿ ಕಾಲುವೆಯ ದಡ ಚೊಕ್ಕಟ ಮಾಡುವ ದಿನ ಬಂತು. ಯಾರೋ ಬೇಲಿಗೆ ಬಣ್ಣ ಬಳಿಯುತ್ತಿದ್ದರು, ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಅಸ್ಲಾಕ್ ಕೇಳಿ ಪಡೆದದ್ದು ಕದದ ಹಲ್ಲುಚಕ್ರಗಳಿಗೆ ಎಣ್ಣೆ ಹಾಕುವ ಕೆಲಸ. ಆ ಕೆಲಸಕ್ಕೆ ಕೈಗವಸು ಬೇಕು. ಕೈಗವಸು ಹಾಕಿಕೊಂಡವನನ್ನು ಅಂದು ಯಾರೂ ಎರಡು ಸಲ ನೋಡುವುದಿಲ್ಲ. ಫೋನನ್ನು ಕಾರಿನಲ್ಲೇ ಬಿಟ್ಟಿದ್ದ. ತಾವು ಎಲ್ಲೆಲ್ಲಿ ನಿಂತಿದ್ದೆವು ಎಂಬುದನ್ನು ಫೋನು ಮರೆಯುವುದಿಲ್ಲ ಎಂದು ಈ ಆಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೆಕೆಗೆ ಓಡ್ವರ್ ಕೋಟು ಕಳಚಿ ಬರ್ಚ್ ಮರದ ಕೊಂಬೆಗೆ ಸಿಕ್ಕಿಸಿದ್ದ. ಕಾಫಿಗೆ ಕರೆ ಬಂದು ಎಲ್ಲರೂ ಮೇಲಿನ ಕಟ್ಟೆಯತ್ತ ಹೋದಾಗ ಅಸ್ಲಾಕ್ ಆ ಕೋಟಿನ ಜೇಬಿನಿಂದ ಕೀಲಿ ತೆಗೆದ. ಕಾವಲುಮನೆಯೊಳಗೆ ತಂಪಾಗಿತ್ತು. ಅಲಮಾರು ಸದ್ದಿಲ್ಲದೆ ತೆರೆದುಕೊಂಡಿತು. ಎದೆ ಡವಡವ ಹೊಡೆದುಕೊಳ್ಳಬಹುದು ಎಂದುಕೊಂಡಿದ್ದ, ಹಾಗೇನೂ ಆಗಲಿಲ್ಲ. ಡಬ್ಬಿ ಬಿಚ್ಚುವುದು, ಒಳಗಿದ್ದದ್ದನ್ನು ತೆಗೆದುಕೊಳ್ಳುವುದು, ಇದ್ದ ಹಾಗೇ ಮುಚ್ಚಿ ಇದ್ದ ಜಾಗದಲ್ಲೇ ಇಡುವುದು ಅವನ ಕೈಗಳಿಗೆ ಹೊಸತೇ? ಎಷ್ಟು ಕಾಡು, ಎಷ್ಟು ಸೇತುವೆಗಳಡಿ ಇದನ್ನೇ ಮಾಡಿದ್ದವು! ಕೈಗಳು ತಮ್ಮ ಕೆಲಸ ತಾವು ಮಾಡುತ್ತಿದ್ದರೆ ಅಸ್ಲಾಕ್ ಕಿಟಕಿಯಾಚೆ ನೋಡುತ್ತ, ಸಿಕ್ಕಿಬಿದ್ದ ಓಡ್ವರನ ಮುಖ ಹೇಗಿರುತ್ತದೆ ಎಂದು ಯೋಚಿಸುತ್ತಿದ್ದ. ಅಲಮಾರಿಗೆ ಬೀಗ ಹಾಕಿ, ಕೀಲಿಯನ್ನು ಕೋಟಿಗೆ ಮರಳಿಸಿ, ಕಾಫಿ ಮುಗಿಯುವ ಮೊದಲೇ ಮೇಲಿನ ಕಟ್ಟೆ ಸೇರಿಕೊಂಡ. ಅಂದು ಎರಡು ದೋಸೆ ತಿಂದ.

ಹಬ್ಬದ ದಿನ ಲುಂಡೆಯ ಹಡಗುಕಟ್ಟೆಯಲ್ಲಿ ಎಲ್ಲರೂ ಚೀಲಗಳನ್ನು ರಾಶಿ ಹಾಕಿ, ಕೈಕುಲುಕುತ್ತ, ಹವೆ ಹೊಗಳುತ್ತ ನಿಂತಿದ್ದರು. ಓಡ್ವರನ ಕೆಂಪು ಚೀಲದ ಹೊರಜೇಬಿನೊಳಗೆ ಚಿನ್ನದ ನಾಣ್ಯ ಇಳಿಸಲು ಅಸ್ಲಾಕ್ ಒಮ್ಮೆ ಬಗ್ಗಿ ಷೂ ದಾರ ಕಟ್ಟಿಕೊಂಡರೆ ಸಾಕಾಯಿತು.

ಹಡಗು ವ್ರಾಂಗ್‌ಫೊಸ್ ತಲುಪಿ ಮೇಲ್ತುದಿಯ ಮೊದಲ ಕಟ್ಟೆಯೊಳಗೆ ನಿಂತಿತು. ಹಿಂದೆ ಕದ ಮುಚ್ಚಿತು, ನೀರು ಇಳಿಯತೊಡಗಿತು, ಎರಡೂ ಕಡೆ ಒದ್ದೆ ಕಲ್ಲಿನ ಗೋಡೆ ಮೇಲೇಳತೊಡಗಿತು. ಇಲ್ಲಿ ಇಳಿದು ಓಡುವುದಕ್ಕೆ ಯಾರಿಗೂ ದಾರಿಯಿಲ್ಲ ಎಂದು ಅಸ್ಲಾಕ್ ಒಳಗೊಳಗೇ ಖುಷಿಪಟ್ಟ. ಓಡ್ವರ್ ಎದ್ದು ನಿಂತು, ಈ ಚಿತ್ರ ತನ್ನ ಮನಸ್ಸಿನಲ್ಲಿ ಹೇಗೆ ಹುಟ್ಟಿತು ಎಂದು ಮುಖ್ಯಸ್ಥೆಗೆ ಉದ್ದುದ್ದ ವರ್ಣಿಸಿದ. ಹೇಳು ಮಗನೇ, ಹೇಳು, ಎಂದುಕೊಂಡ ಅಸ್ಲಾಕ್.

ಗುನ್ವೋರ್ ಡಬ್ಬಿ ತೆರೆದಳು. ಒಳಗೆ ನೋಡಿದಳು. ಬೇರೆ ಯಾರಿಗೂ ಕಾಣುವ ಮೊದಲೇ ಮುಚ್ಚಿದಳು.

“ಚಿನ್ನದ್ದು ಇದ್ರಲ್ಲಿ ಇಲ್ಲ” ಅಂದಳು, ಎಲ್ಲರ ಮುಖವನ್ನೂ ಒಮ್ಮೆ ನೋಡಿ. “ಯಾರಾದ್ರೂ ತಮಾಷೆಗೆ ತಗೊಂಡಿದ್ರೆ ಈಗ್ಲೇ ಹೇಳ್ಬಿಡಿ. ನಕ್ಕು ಸುಮ್ನಾಗೋಣ.”

ಅವಳು ಇನ್ನೂ ಕಾಯುತ್ತಲೇ ಇದ್ದಳು. ಅಸ್ಲಾಕ್ ಕಾಯಲಿಲ್ಲ.

“ಅನುಮಾನ ಯಾರ ಮೇಲೂ ಬರೋದು ಬೇಡಪ್ಪಾ. ಎಲ್ರೂ ಚೀಲ ಬಿಚ್ಚಿಬಿಡೋಣ. ಮೊದಲು ನಂದೇ.”

ಅವನ ಚೀಲದಿಂದ ಕಾಫಿ ಫ್ಲಾಸ್ಕು, ಮಳೆಕೋಟು, ಬ್ರೆಡ್ಡಿನ ಪೊಟ್ಟಣ ಮೇಜಿಗೆ ಬಂದವು. “ನಂದೂ ನೋಡ್ಕೊಳ್ರಪ್ಪಾ, ಹೆಂಡ್ತಿ ಕಟ್ಟಿಕೊಟ್ಟಿರೋ ಮೀನಿದೆ, ಬೇಕಿದ್ರೆ ತಿನ್ನಿ” ಎನ್ನುತ್ತ ಓಡ್ವರ್ ತನ್ನ ಕೆಂಪು ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಚಿನ್ನದ ನಾಣ್ಯ ಟಣ್ಣೆಂದು ಬಿದ್ದು, ಉರುಳಿ, ಮುಖ್ಯಸ್ಥೆಯ ಕಾಲ ಬಳಿ ಮಲಗಿತು.

ಓಡ್ವರನ ಮುಖದಲ್ಲಿ ರಕ್ತ ಇರಲಿಲ್ಲ. “ನಾನಲ್ಲ... ದೇವ್ರಾಣೆ ನಾನಲ್ಲ” ಎಂದು ತೊದಲಿದ. ಪಕ್ಕದಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಆ ಒಂದು ಹೆಜ್ಜೆಗಾಗಿ ಅಸ್ಲಾಕ್ ಎಷ್ಟು ಹಂಬಲಿಸಿದ್ದ! ಅವನ ಎದೆಯೊಳಗೆ ಸಭೆಯ ದಿನದಿಂದ ಸಿಕ್ಕಿಕೊಂಡಿದ್ದ ಮುಳ್ಳು ಕಿತ್ತು ಬಂದಂತಾಯಿತು. ಮುಖದಲ್ಲಿ ಸಂಕಟ ತಂದುಕೊಂಡು, “ಛೇ, ಓಡ್ವರ್, ನೀನಾ?” ಎಂದ.

“ಅವನಲ್ಲ ಕಣೋ” ಎಂದಳು ಗುನ್ವೋರ್. “ನೀನಾಗೇ ಹೇಳ್ತೀಯ ಅಂತ ಕಾದೆ.” ಅವಳು ಡಬ್ಬಿಯನ್ನು ಮತ್ತೆ ತೆರೆದು ಮೇಜಿನ ನಡುವೆ ಇಟ್ಟಳು. ನಾಣ್ಯವಿದ್ದ ಗುಂಡನೆಯ ಗುಳಿ ಖಾಲಿ ಇರಲಿಲ್ಲ. ಅದರಲ್ಲಿ ಬರ್ಚ್ ಮರದ ಒಂದು ಬಿಲ್ಲೆ ಕೂತಿತ್ತು. ಮೇಲೆ ಸುಟ್ಟು ಬರೆದ ಒಂದು ಮೀನು, ಮೀನಿನ ಕೆಳಗೆ ಅಸ್ಲಾಕ್ ಎಂಬ ಹೆಸರು. ಅವನು ಸದಾ ಜೇಬಿನಲ್ಲಿಟ್ಟುಕೊಂಡು ತಿರುಗುವ, ಟೆಲೆಮಾರ್ಕಿನ ಯಾವ ಡಬ್ಬಿ ಬಿಚ್ಚಿದರೂ ಸಿಗುವ ಬಿಲ್ಲೆ. ಡಬ್ಬಿಯಿಂದ ಏನಾದರೂ ತೆಗೆದುಕೊಂಡವನು ಅದರ ಬದಲಿಗೆ ತನ್ನದೊಂದನ್ನು ಇಟ್ಟು ಬರಬೇಕು ಎಂಬುದು ಈ ಆಟದಲ್ಲಿ ಎಲ್ಲರೂ ಕಲಿಯುವ ಮೊದಲ ಮರ್ಯಾದೆ. ಕಾವಲುಮನೆಯಲ್ಲಿ ಅವನು ಕಿಟಕಿಯಾಚೆ ನೋಡುತ್ತಿದ್ದಾಗ ಕೈಗಳು ಆ ಮರ್ಯಾದೆ ತಪ್ಪಿರಲಿಲ್ಲ. ಓಡ್ವರ್ ಬಿಲ್ಲೆ ಎತ್ತಿಕೊಂಡು, ತಿರುಗಿಸಿ ನೋಡಿ, ನಿಧಾನವಾಗಿ ಉಸಿರು ಬಿಟ್ಟ. “ಈ ಚಿತ್ರ ಮಾತ್ರ ನಿಂದೇ ಕಣಯ್ಯಾ” ಎಂದ, “ನಾನು ಒಪ್ಕೋತೀನಿ.”