ಹನ್ನೆರಡು ಗುಣದ ಕಾಳು

ಬೆಟ್ಟಗಳು ಇನ್ನೂ ಮಾತು ಮರೆಯದಿದ್ದ ಕಾಲದಲ್ಲಿ ಚಂದ್ರಗಾವಿ ಎಂಬ ರಾಜ್ಯವಿತ್ತು. ಅಲ್ಲಿನ ಅನ್ನಛತ್ರದಲ್ಲಿ ಹೊನ್ನಕ್ಕ ಎಂಬವಳು ಬಡಿಸುತ್ತಿದ್ದಳು. ರಾಜ ಕೂತರೂ ಒಂದೇ ಸೌಟು, ರಾಜನ ಕುದುರೆ ಉಜ್ಜುವವನು ಕೂತರೂ ಒಂದೇ ಸೌಟು. ಪಂಕ್ತಿಭೇದ ಅರಿಯದವಳು ಎಂದು ಊರೆಲ್ಲ ಹೊಗಳುತ್ತಿತ್ತು. ಆ ಹೊಗಳಿಕೆ ಅವಳ ತಲೆಗೆ ಸ್ವಲ್ಪ ಏರಿಯೂ ಇತ್ತು.

ಒಂದು ದಿನ ಅವಳ ತಮ್ಮ ಬೊಮ್ಮಯ್ಯ ಕಾಡಿಗೆ ಹೋದವನು ಹಿಂದಿರುಗಲಿಲ್ಲ. ಕರಾಳದಂತನೆಂಬ ಮಾಂತ್ರಿಕ ಅವನನ್ನು ಜಿಂಕೆ ಮಾಡಿ ತನ್ನ ದೊಡ್ಡಿಗೆ ಅಟ್ಟಿದ್ದ. ಏಳನೆಯ ದಿನ ಹೊತ್ತು ಮುಳುಗಿತೆಂದರೆ ಜಿಂಕೆಗೆ ತಾನು ಮನುಷ್ಯನಾಗಿದ್ದದ್ದೇ ಮರೆತುಹೋಗುತ್ತದೆ. ತಂದೆತಾಯಿ ಇಲ್ಲದ ಹೊನ್ನಕ್ಕನಿಗೆ ಈ ಲೋಕದಲ್ಲಿ ಇದ್ದವನು ಅವನೊಬ್ಬನೇ.

ಮಾಂತ್ರಿಕನ ಮೇಲೆ ಹೋಗುವವರಿಗೆ ಅರಮನೆಯ ಕಣಜದಿಂದ ಹನ್ನೆರಡು ಗುಣದ ಕಾಳು ಕೊಡುವುದು ಆ ರಾಜ್ಯದ ಪದ್ಧತಿ. ಬಲ, ಬುದ್ಧಿ, ಚುರುಕು, ಧೈರ್ಯ, ಈ ನಾಲ್ಕರಲ್ಲಿ ಒಂದರ ಹೆಸರು ಹೇಳಿ ಕಾಳನ್ನು ಬಾಯಿಗೆ ಹಾಕಿದರೆ ಆ ಗುಣ ಅಷ್ಟು ಹೆಚ್ಚುತ್ತದೆ.

"ಹಂಚೋದು ಮುಂದಾಳಿನ ಕೆಲಸ. ಒಮ್ಮೆ ನುಂಗಿದ ಮೇಲೆ ವಾಪಸ್ ಬರಾಕಿಲ್ಲ, ನೋಡ್ಕೊಳವ್ವ," ಎಂದ ಕಣಜದವನು.

"ಹಂಚೋದನ್ನ ನನಗೆ ಕಲಿಸ್ತೀರಾ?" ಎಂದಳು ಹೊನ್ನಕ್ಕ.

ಜೊತೆಗೆ ಇಬ್ಬರು ಹೊರಟರು. ಒಬ್ಬ ಜಟ್ಟಿ ಗುಡ್ಡಪ್ಪ. ಬಂಡಿಯನ್ನು ಹೆಗಲ ಮೇಲೆ ಹೊರುವ ಆಳು, ಆದರೆ ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ಪುಕ್ಕಲ. ಇನ್ನೊಬ್ಬಳು ತಿಪ್ಪಜ್ಜಿ. ಅವಳು ಬಿಡಿಸದ ಒಗಟಿಲ್ಲ, ಆದರೆ ಮಂಡಿ ಹಿಡಿದು ಹತ್ತು ಹೆಜ್ಜೆ ನಡೆಯಲಾರಳು. ಗುಡ್ಡಪ್ಪನ ಹೆಗಲೇ ಅವಳ ಪಲ್ಲಕ್ಕಿ.

ಮೊದಲು ಕಲ್ಲಿನ ಬಾಗಿಲು ಎದುರಾಯಿತು. ಅದರ ಮುಂದೆ ಕಲ್ಲಿನ ಹೋರಿ. ಹೊನ್ನಕ್ಕ ತಲೆಗೊಂದರಂತೆ ಮೂರು ಬಲದ ಕಾಳು ಬಡಿಸಿದಳು. ಹೋರಿ ಒಮ್ಮೆ ಗುಟುರು ಹಾಕಿತು. ಗುಡ್ಡಪ್ಪ, ಇದ್ದ ಬಲ ಬಂದ ಬಲ ಎರಡನ್ನೂ ಹೊತ್ತುಕೊಂಡು, ಪೊದೆಯೊಳಗೆ ಹೊಕ್ಕ. ಹೆಂಗಸರಿಬ್ಬರು ತಳ್ಳಿದರೆ ಬಾಗಿಲು ಜಗ್ಗೀತೇ? ಗುಡ್ಡ ಸುತ್ತಿ ಹೋಗಲು ಮೂರು ದಿನ ಹಿಡಿಯಿತು.

ಎರಡನೆಯದಾಗಿ ದಾರಿಗಡ್ಡ ಹಳದಿ ಹಾವು. "ಒಗಟು ಬಿಡಿಸಿದವರೇ ನನ್ನ ಹೆಡೆ ಮುಟ್ಟಿ ಉತ್ತರ ಹೇಳಬೇಕು," ಎಂದಿತು. ಹೊನ್ನಕ್ಕ ತಲೆಗೊಂದರಂತೆ ಮೂರು ಬುದ್ಧಿಯ ಕಾಳು ಬಡಿಸಿದಳು. ಅಜ್ಜಿಗೆ ಉತ್ತರ ಕಾಳಿಗೆ ಮೊದಲೇ ಗೊತ್ತಿತ್ತು. ಆದರೆ ಗುಡ್ಡಪ್ಪ ಹಾವಿನ ಹತ್ತಿರ ಹೋಗಲೊಲ್ಲ. ಅಜ್ಜಿ ಇಳಿದು ಕುಂಟುವಷ್ಟರಲ್ಲಿ ಹಾವು ಸರಸರ ಜಾರಿತು. ಅದು ಸೋಮಾರಿಯಾಗಿ ಬಿಸಿಲಿಗೆ ಮಲಗಿ, ಅಜ್ಜಿಯ ಕೈಗೆ ಸಿಗುವಷ್ಟರಲ್ಲಿ ಮತ್ತೆ ಮೂರು ದಿನ ಕಳೆದಿತ್ತು.

ಏಳನೆಯ ದಿನ ಇಳಿಹೊತ್ತಿಗೆ ದೊಡ್ಡಿ ಕಂಡಿತು. ಬಾಗಿಲಲ್ಲಿ ಕಬ್ಬಿಣದ ಹುಲಿ, ಒಳಗೆ ನೂರು ಜಿಂಕೆ, ನಡುವೆ ಮಂತ್ರದಂಡ ಹಿಡಿದು ಕುಳಿತ ಕರಾಳದಂತ. ಹೊನ್ನಕ್ಕನ ಅಂಗೈಯಲ್ಲಿ ಉಳಿದದ್ದು ಆರೇ ಕಾಳು. ಅವಳು ರೂಢಿಯಂತೆ ತಲೆಗೆರಡು ಎಂದು ಬೇರ್ಪಡಿಸತೊಡಗಿದಳು.

"ಹೊನ್ನೀ, ಪಂಕ್ತಿಲಿ ಎಲ್ಲರಿಗೂ ಇರೋದು ಹಸಿವು ಒಂದೇ," ಎಂದಳು ತಿಪ್ಪಜ್ಜಿ. "ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊರತೆ. ಇವನಿಗೆ ಬಲ ಬಡಿಸಿದೆ, ನನಗೆ ಬುದ್ಧಿ ಬಡಿಸಿದೆ. ಹೊಟ್ಟೆ ತುಂಬಿದವರಿಗೇ ಬಡಿಸಿದಂಗಾತು."

ಹೊನ್ನಕ್ಕನಿಗೆ ನಾಚಿಕೆಯಾಯಿತು. ಆರು ದಿನ ತಿಂದದ್ದು ಹಾವೂ ಅಲ್ಲ, ಹೋರಿಯೂ ಅಲ್ಲ, ತನ್ನ ಒಳ್ಳೆಯ ಹೆಸರು ಎಂದು ತಿಳಿಯಿತು. ತಮ್ಮನ ಬಳಿಗೆ ತಾನೇ ಮೊದಲು ನುಗ್ಗಬೇಕೆಂಬ ಆಸೆ ಅವಳಿಗಿತ್ತು. ಅದನ್ನು ನುಂಗಿಕೊಂಡು, "ಧೈರ್ಯ, ಧೈರ್ಯ, ಧೈರ್ಯ," ಎಂದು ಮೂರು ಕಾಳನ್ನು ಗುಡ್ಡಪ್ಪನ ಬಾಯಿಗೆ ಹಾಕಿದಳು. "ಚುರುಕು, ಚುರುಕು, ಚುರುಕು," ಎಂದು ಮೂರನ್ನು ಅಜ್ಜಿಗೆ ಹಾಕಿದಳು.

"ನಿಮಗೆ, ಅಕ್ಕಾ?" ಎಂದ ಗುಡ್ಡಪ್ಪ.

"ನನಗೆ ನೀವಿದ್ದೀರಲ್ಲ. ಹೊರಡಿ."

ಗುಡ್ಡಪ್ಪ ನೆಟ್ಟಗೆ ಹೋಗಿ ಹುಲಿಯ ಎರಡೂ ಕಿವಿ ಹಿಡಿದು ನೆಲಕ್ಕೆ ಅದುಮಿದ. ತಿಪ್ಪಜ್ಜಿ ಸೀರೆ ಎತ್ತಿ ಕಟ್ಟಿ ಓಡಿದಳು ನೋಡಿ, ಎಪ್ಪತ್ತು ವರ್ಷದ ಬಾಕಿ ಓಟವನ್ನೆಲ್ಲ ಒಂದೇ ಸಲ ಓಡಿದಳು. ಮಾಂತ್ರಿಕ ಮಂತ್ರದ ಅರ್ಧಕ್ಕೆ ಬರುವಷ್ಟರಲ್ಲಿ ದಂಡ ಕಿತ್ತು ಮೊಣಕಾಲಿಗೆ ಬಡಿದು ಎರಡು ತುಂಡು ಮಾಡಿದಳು. ಕರಾಳದಂತ ಹೊಗೆಯಾಗಿ ಹೋದ. ಹುಲಿ ತುಕ್ಕಾಗಿ ಉದುರಿತು. ನೂರು ಜಿಂಕೆಗಳು ನೂರು ಜನರಾಗಿ ಎದ್ದು ನಿಂತರು.

ಆದರೆ ಹೊತ್ತು ಆಗಲೇ ಗುಡ್ಡದ ಅಂಚಿಗಿತ್ತು. ಹೊನ್ನಕ್ಕ ಜನರ ನಡುವೆ ತಮ್ಮನನ್ನು ಕಂಡಳು. ಅವನು ಅವಳ ಮುಖವನ್ನು ಯಾರದೋ ಮುಖದಂತೆ ನೋಡುತ್ತಲೇ ಇದ್ದ. ಅವಳಿಗೆ ಕರೆಯಲು ಧೈರ್ಯ ಬರಲಿಲ್ಲ. ಒಂದು ಕಾಳನ್ನಾದರೂ ಇಟ್ಟುಕೊಳ್ಳಬೇಕಿತ್ತೇನೋ ಎನಿಸಿತು. ಆದರೂ ಹತ್ತಿರ ಹೋಗಿ, "ಬೊಮ್ಮಾ," ಎಂದಳು.

ಅವನು ಹುಬ್ಬು ಗಂಟಿಕ್ಕಿದ. ಕಿವಿ ಒಮ್ಮೆ ಜಿಂಕೆಯದರಂತೆ ಅಲುಗಿತು.

"ಎಷ್ಟು ತಡ ಮಾಡ್ದೆಯಕ್ಕಾ," ಎಂದ.

ಹೊನ್ನಕ್ಕ ಅಲ್ಲೇ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಆಮೇಲೆ ನೂರಾ ಎರಡು ಜನ ಅವಳ ಹಿಂದೆ ಚಂದ್ರಗಾವಿಗೆ ನಡೆದರು, ಬಹುಕಾಲ ಸುಖವಾಗಿಯೂ ಬಾಳಿದರು. ತಿಪ್ಪಜ್ಜಿ ಮಾತ್ರ ನಡೆಯಲಿಲ್ಲ, ಓಡಿಯೇ ಹೋದಳು.